ಕೌದಿಗೂ ಬಾರದ ಅಂಗಿ

ಹಳೆಯ ಟೀ ಶರ್ಟುಗಳಿಂದ ಏನೇನು ಮಾಡಬಹುದು ಎಂದು ಹೇಳಿಕೊಡುವವರಿಗೆ ಈಗ ಬರವಿಲ್ಲ. ತೋಳು ಕತ್ತರಿಸಿ ಕೆಳಗಿನ ಅಂಚಿಗೆ ಗಂಟು ಹಾಕಿದರೆ ಸಂತೆಯ ಚೀಲವಂತೆ. ಉದ್ದಕ್ಕೆ ಸೀಳಿ ಜಡೆಯ ಹಾಗೆ ಹೆಣೆದು ಸುತ್ತಿದರೆ ಕಾಲೊರಸು. ನಾಲ್ಕು ಅಂಗಿ ಜೋಡಿಸಿದರೆ ದಿಂಬಿನ ಗವಸು, ನಲವತ್ತು ಜೋಡಿಸಿದರೆ ಕೌದಿ. ಪತ್ರಿಕೆಗಳ ಮಹಿಳಾ ಪುರವಣಿಗಳಲ್ಲಿ, ಮೊಬೈಲಿನ ಅರ್ಧ ನಿಮಿಷದ ವಿಡಿಯೋಗಳಲ್ಲಿ, ಜೂನ್ 5ರ ಪರಿಸರ ದಿನದ ಭಾಷಣಗಳಲ್ಲಿ ಈ ಉಪದೇಶ ಬರುತ್ತಲೇ ಇರುತ್ತದೆ. ಕೊನೆಗೊಂದು ಮಾತು ಕಡ್ಡಾಯ: ನಮ್ಮ ಅಜ್ಜಿಯರು ಇದನ್ನೆಲ್ಲ ಎಂದೋ ಮಾಡಿದ್ದರು.

ಅಜ್ಜಿಯರ ಹೆಸರೆತ್ತುವ ಇವರು ಎರಡು ಪ್ರಶ್ನೆಗಳನ್ನು ಮಾತ್ರ ಜಾಣತನದಿಂದ ದಾಟಿಹೋಗುತ್ತಾರೆ. ಅಜ್ಜಿಯ ಕೈಯಲ್ಲಿದ್ದ ಅರಿವೆ ಯಾವುದು, ಇವತ್ತು ನಮ್ಮ ಕೈಗೆ ಬಂದಿರುವುದು ಯಾವುದು? ಆ ಕೆಲಸಕ್ಕೆ ಅಜ್ಜಿಗೆ ಕೂಲಿ ಎಷ್ಟು ಸಿಕ್ಕಿತು?

ನಾನು ಬೈಲಹೊಂಗಲ ತಾಲ್ಲೂಕಿನವಳು. ಹೆಂಗಸರು ದುಡಿಯುತ್ತ ಹೇಳಿಕೊಳ್ಳುವ ಹಾಡುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳಲ್ಲಿ ಹಾಡು ಕೇಳಿಕೊಂಡು ತಿರುಗಿದ ಮೂರು ವರ್ಷಗಳಲ್ಲಿ ಹಾಡಿಗಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದು ಅರಿವೆಯ ಗಂಟುಗಳು. ಕುಳಿತುಕೊಳ್ಳಲು ಜಾಗ ಮಾಡಿಕೊಡುವಾಗ ಮನೆಯವರು ಮೊದಲು ಸರಿಸುತ್ತಿದ್ದುದು ಅದನ್ನೇ. ಬಿಚ್ಚಿದರೆ ಒಳಗೆ ಟೀ ಶರ್ಟುಗಳು. ಎಸೆಯಲು ಮನಸ್ಸಿಲ್ಲ, ಬಳಸಲು ದಾರಿಯಿಲ್ಲ.

ನಮ್ಮ ಮನೆಯದೇ ಲೆಕ್ಕ ಕೊಡುತ್ತೇನೆ. ನಮ್ಮ ಕಡೆ ಮಾನೌಮಿಗೆ ಘಟ ಹಾಕುವ ಮೊದಲು ಮನೆಯ ಹಾಸಿಗೆ, ಕೌದಿ, ಹಚ್ಚಡ ಎಲ್ಲವನ್ನೂ ಹಳ್ಳಕ್ಕೆ ಹೊತ್ತೊಯ್ದು ಒಗೆಯುವ ರೂಢಿಯಿದೆ. ಹೋದ ವರ್ಷ ಆ ಗಡಿಬಿಡಿಯಲ್ಲಿ ಅಪ್ಪ, ಅಣ್ಣ, ತಮ್ಮ ಈ ಮೂವರ ಬಳಸದ ಟೀ ಶರ್ಟುಗಳನ್ನೆಲ್ಲ ಹೊರಗೆಳೆದು ಎಣಿಸಿದೆ. 43 ಇದ್ದವು. ಅಂಗಡಿಯಲ್ಲಿ ರೊಕ್ಕ ಕೊಟ್ಟು ತಂದವು ಒಂಬತ್ತು ಮಾತ್ರ. ಮಿಕ್ಕ 34 ಪುಕ್ಕಟೆ ಬಂದವು. ಕ್ರಿಕೆಟ್ ಟೂರ್ನಮೆಂಟಿನವು, ಯಾವುದೋ ಜಯಂತಿಯ ಬೈಕ್ ರ‍್ಯಾಲಿಯವು, ಗುಡ್ಡಕ್ಕೆ ನಡೆದುಹೋದ ಪಾದಯಾತ್ರೆಯವು, ಒಬ್ಬ ಮುಖಂಡರ ಹುಟ್ಟುಹಬ್ಬದವು, ಸಿಮೆಂಟಿನವು, ಪತ್ತಿನ ಸಂಘದವು, ಕಿತ್ತೂರಿನಲ್ಲಿ ಓಡಿದ್ದಕ್ಕೆ ಸಿಕ್ಕದ್ದೊಂದು. ಅಪ್ಪನ ಪಾಲಿಗೆ ಬಂದವು ಹೆಚ್ಚಿನಂಶ ಬೀಜ, ಗೊಬ್ಬರ, ಔಷಧದ ಕಂಪನಿಗಳವು. ಅದರಲ್ಲೊಂದರ ಬೆನ್ನ ಮೇಲೆ ಅರಳಿದ ಹತ್ತಿಕಾಯಿಯ ದೊಡ್ಡ ಚಿತ್ರ. ಕೊರಳಪಟ್ಟಿಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು: ನೂರಕ್ಕೆ ನೂರು ಪಾಲಿಯೆಸ್ಟರ್.

ಹತ್ತಿ ಬೆಳೆಯುವವನಿಗೆ ಹತ್ತಿಬೀಜ ಮಾರಲು ಹತ್ತಿಯ ಚಿತ್ರ ಬಿಡಿಸಿದ ಪ್ಲಾಸ್ಟಿಕ್ ಅಂಗಿ! ಇದಕ್ಕಿಂತ ದೊಡ್ಡ ಅಣಕವನ್ನು ನಾನು ಯಾವ ಕಾದಂಬರಿಯಲ್ಲೂ ಓದಿಲ್ಲ. ಬೈಲಹೊಂಗಲ ಹತ್ತಿಯ ಪೇಟೆ. ಇಲ್ಲಿಯ ಎರೆಹೊಲದ ಹತ್ತಿಯ ಮೇಲೆ ಮ್ಯಾಂಚೆಸ್ಟರಿನ ಕಣ್ಣೂ ಬಿದ್ದಿತ್ತು. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ತಳಿ ತಂದು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಆಮೇಲೆ ನಮ್ಮವೇ ಜಯಧರ ಬಂತು, ಧಾರವಾಡದ ಡಿಸಿಎಚ್-32 ಬಂತು, 2002ರಲ್ಲಿ ಬಿಟಿಗೆ ಒಪ್ಪಿಗೆ ಸಿಕ್ಕಿತು. ಹೊಲದಲ್ಲಿ ಹತ್ತಿ ಹೀಗೆ ರೂಪ ಬದಲಿಸುತ್ತಲೇ ಉಳಿದಿದ್ದರೆ ಮನೆಯ ಗಳದ ಮೇಲಿಂದ ಅದು ಸದ್ದಿಲ್ಲದೆ ಇಳಿದುಹೋಗಿದೆ.

ಹತ್ತಿಯ ಅರಿವೆ ಸಾಯುತ್ತಿದ್ದ ಬಗೆಯನ್ನು ಸ್ವಲ್ಪ ಹೇಳಬೇಕು. ಸಾಯುವುದು ಎಂದೆ, ಅದು ಸಾಯಲು ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಳ್ಳುತ್ತಿತ್ತು. ಅಜ್ಜನ ಧೋತರ ಮೊದಲು ಹಬ್ಬಕ್ಕೆ, ನಂತರ ನಿತ್ಯಕ್ಕೆ, ಆಮೇಲೆ ಹೊಲಕ್ಕೆ. ಅಂಚು ಹರಿದ ಮೇಲೆ ಎರಡು ತುಂಡಾಗಿ ಮೈ ಒರೆಸುವ ಅರಿವೆ. ಒಗೆದು ಒಗೆದು ಮೆತ್ತಗಾದ ಭಾಗ ಕೂಸಿನ ತೊಟ್ಟಿಲಿಗೆ ಹಾಸಲು, ಕುಂಚಿಗೆಯ ಒಳಪದರಕ್ಕೆ. ಅದಕ್ಕೂ ಮೆತ್ತಗಿನದು ಹೆಂಗಸರ ಮುಟ್ಟಿನ ಅರಿವೆ. ಇದನ್ನು ಅಜ್ಜಿಯರ ಗುಣಗಾನ ಮಾಡುವ ಗಂಡಸರು ಬರೆಯುವುದಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ: ಮನೆಯ ಹಳೆಯ ಅರಿವೆಯ ಮೇಲೆ ಹೆಣ್ಣುಮಕ್ಕಳಿಗೆ ಇದ್ದ ಮೊದಲ ಹಕ್ಕು ಇದೇ. ಹರಿದ ತುಂಡು ತಲೆಯ ಮೇಲೆ ಕೊಡ ಹೊರಲು ಸಿಂಬಿ, ಒಲೆಯ ಮೇಲಿನ ಬೋಗಾಣಿ ಇಳಿಸಲು ಮಸಿ ಅರಿವೆ. ಚೂರಾದದ್ದು ದೀಪದ ಬತ್ತಿ. ಬತ್ತಿ ಉರಿದು ಬೂದಿ. ಆ ಬೂದಿ ಪಾತ್ರೆ ತಿಕ್ಕಲು ಹೋಯಿತೆಂದರೆ ಧೋತರದ ಆಯುಷ್ಯ ಮುಗಿಯಿತು.

ಸೀರೆಯ ಹಾದಿ ಬೇರೆ. ಅದು ಬಹುಮಟ್ಟಿಗೆ ಕೌದಿಗೆ ಹೋಗುತ್ತಿತ್ತು. ಇಳಕಲ್ ಸೀರೆ ಮೇಲಿನ ಪದರ, ಹಳೆಯ ಧೋತರ, ಲುಂಗಿ, ಪರಕಾರ ಒಳಗೆ, ಕೆಳಗೆ ಇನ್ನೊಂದು ಸೀರೆ. ಎಲ್ಲವನ್ನೂ ನೆಲದ ಮೇಲೆ ಹರಡಿ, ಸುಕ್ಕು ತೆಗೆದು, ಅಂಚಿನಿಂದ ಸಾಲುಸಾಲಾಗಿ ಹೊಲಿಗೆ. ನಮ್ಮ ಭಾಗದಲ್ಲಿ ಗೊಂದಲಿಗರ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೆಸರಾದವರು. ಮನೆಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಹೊಲಿದುಕೊಟ್ಟು ಹೋಗುತ್ತಿದ್ದರು. ಯಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೊರಟವರ ಕೆಳಗೂ ಕೌದಿ, ಮೇಲೂ ಕೌದಿ. ಅತ್ತ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳಿಗೆ ಹೂವಿನಂತೆ ಮಡಚಿದ ಚೂರುಗಳಿರುತ್ತವೆ. ಅವಿಲ್ಲದ ಕೌದಿ ಬೆತ್ತಲೆ ಎಂದು ಅವರು ಹೇಳುತ್ತಾರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅವರ ನಡುವೆ ಓಡಾಡಿ ಬರೆದ ಮೇಲೆ ಆ ಕೌದಿಗಳು ವಿದೇಶದ ಗೋಡೆಗಳ ಮೇಲೂ ತೂಗಿದವು.

ಈ ಎಲ್ಲ ಬಳಕೆಗೂ ಆಧಾರ ಒಂದೇ: ಹತ್ತಿ ನೀರು ಕುಡಿಯುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ, ಸುಟ್ಟರೆ ಬೂದಿಯಾಗುತ್ತದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ತೂಕದ ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡು ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿದುಕೊಳ್ಳುವುದು ಶೇ. 0.4. ಕಾರಣ ಸರಳ, ಅದು ಕುಡಿಯುವ ನೀರಿನ ಬಾಟಲಿ ಯಾವುದರಿಂದ ಆಗುತ್ತದೋ ಅದರದೇ ಎಳೆ. 1941ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಟೆರಿಲಿನ್, ಟೆರಿಕಾಟ್ ಎಂಬ ಹೆಸರಿನಲ್ಲಿ ನಮ್ಮ ಅಪ್ಪಂದಿರ ಮದುವೆಯ ಹೊತ್ತಿಗೆ ಊರೂರಿಗೆ ಬಂತು. ಆಗ ಅದು ಶೋಕಿ, ಕೊಂಡು ತರುವ ವಸ್ತು. ಈಗ ಬೇಡವೆಂದರೂ ಮನೆ ಬಾಗಿಲಿಗೆ ಬರುತ್ತದೆ.

ಉಪದೇಶದ ಪ್ರಕಾರ ನಾವೂ ನಮ್ಮ ಮನೆಯಲ್ಲಿ ಪ್ರಯತ್ನಿಸಿದೆವು. ಓಟದ ಸ್ಪರ್ಧೆಯ ಅಂಗಿಯನ್ನು ಅವ್ವ ಅಡುಗೆಮನೆಯ ಕಟ್ಟೆ ಒರೆಸಲು ಹಚ್ಚಿದಳು. ನೀರು ಅತ್ತಿಂದ ಇತ್ತ ಸರಿಯಿತೇ ಹೊರತು ಒಣಗಲಿಲ್ಲ. "ಇದು ನೀರ ಕುಡ್ಯಾಂಗಿಲ್ಲಬೇ, ನೀರ ಸಂಗಾಟ ಆಟ ಆಡತೈತಿ" ಎಂದು ನಕ್ಕಳು. ದೊಡ್ಡವ್ವ ಅದನ್ನು ಮಸಿ ಅರಿವೆ ಮಾಡಿಕೊಳ್ಳಲು ಹೋದಾಗ ನಗು ನಿಂತಿತು. ರೊಟ್ಟಿಯ ಹಂಚು ಇಳಿಸುವಾಗ ಅರಿವೆಯ ತುದಿ ಉರಿಗೆ ತಾಗಿತು. ಹತ್ತಿಯಾಗಿದ್ದರೆ ಹೊತ್ತಿಕೊಳ್ಳುತ್ತಿತ್ತು, ಕೊಡವಿ ಎಸೆಯಬಹುದಿತ್ತು. ಇದು ಕರಗಿ ಅವಳ ಹೆಬ್ಬೆರಳ ಬುಡಕ್ಕೆ ಮೇಣದಂತೆ ಅಂಟಿತು. ಕಿತ್ತರೆ ಚರ್ಮವೂ ಬಂತು. ಜೋಳದ ರೊಟ್ಟಿ ಬಡಿಯುವ ಕೈ ಅದು. ಹದಿನೈದು ದಿನ ನಮ್ಮ ಮನೆಯಲ್ಲಿ ರೊಟ್ಟಿಯ ಸದ್ದು ಕೇಳಲಿಲ್ಲ. ಮರುಬಳಕೆಯ ವಿಡಿಯೋ ಮಾಡುವವರಲ್ಲಿ ಒಬ್ಬರಾದರೂ ಒಲೆಯ ಹತ್ತಿರ ಪಾಲಿಯೆಸ್ಟರ್ ಒಯ್ಯಬೇಡಿ ಎಂದು ಹೇಳಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಮುದುಡಿ, ಕರಗಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ ಪಾಲಿಯೆಸ್ಟರ್. ಕೊರಳಪಟ್ಟಿಯ ಇಂಗ್ಲಿಷ್ ಚೀಟಿ ಓದಲಾರದ ನಮ್ಮ ಅವ್ವಂದಿರಿಗೆ ಇದು ಬಹಳ ಹಿಂದಿನಿಂದಲೇ ಗೊತ್ತು. ನಮ್ಮ 43ರಲ್ಲಿ ಬೂದಿಯಾದವು 11. ಅವನ್ನು ಬಿಟ್ಟುಕೊಡಲು ಮನೆಯಲ್ಲಿ ಪೈಪೋಟಿಯೇ ನಡೆಯಿತು. ಯಾಕೆಂದರೆ ಹತ್ತಿಯ ಟೀ ಶರ್ಟಿನಷ್ಟು ಒಳ್ಳೆಯ ಹಳೆ ಅರಿವೆ ಇನ್ನೊಂದಿಲ್ಲ. ನೇಯ್ದ ಬಟ್ಟೆಗಿಂತ ಹೆಣೆದ ಬಟ್ಟೆ ಮೆತ್ತಗೆ, ಬೇಗ ಹೀರುತ್ತದೆ. ಒಡಲನ್ನು ಕೆಳಗಿನಿಂದ ಸುರುಳಿಯಾಗಿ ಒಂದೇ ಎಳೆಯಂತೆ ಕತ್ತರಿಸುತ್ತ ಹೋಗಿ ಎಳೆದರೆ ಅಂಚು ತಾನೇ ಒಳಮಡಚಿ ದಾರವಾಗುತ್ತದೆ, ಅದರಿಂದ ಕಾಲೊರಸು ಹೆಣೆಯಬಹುದು. ಮಕ್ಕಳ ಲಂಗೋಟಿಗೆ, ಮುಟ್ಟಿನ ಅರಿವೆಗೆ ಅದು ಹೇಳಿ ಮಾಡಿಸಿದ್ದು. ನನ್ನ ಅತ್ತಿಗೆ ನಾಲ್ಕನ್ನು ತನ್ನ ಟ್ರಂಕಿಗೆ ಸೇರಿಸಿ ಬೀಗ ಹಾಕಿದಳು.

ಆದ್ದರಿಂದ ನನ್ನ ಜಗಳ ಮರುಬಳಕೆಯ ಮೇಲಲ್ಲ. ಮರುಬಳಕೆ ಮಾಡಬಹುದಾದ್ದನ್ನು ನಮ್ಮ ಹೆಂಗಸರು ಯಾರ ಉಪದೇಶಕ್ಕೂ ಕಾಯದೆ ಮಾಡುತ್ತಾರೆ. ಮಾಡಲಾಗದ್ದನ್ನು ಅವರ ಅಂಗಳಕ್ಕೆ ಸುರಿದು, ಜಾಣತನ ತೋರಿಸಿ ಎಂದು ಸವಾಲು ಹಾಕುವುದಿದೆಯಲ್ಲ, ಅದರ ಮೇಲೆ ಸಿಟ್ಟು. ಅಂಗಿ ಅಚ್ಚು ಹಾಕಿಸಿದವನಿಗೆ ಅದರ ಆಯುಷ್ಯ ಒಂದು ದಿನ, ಫೋಟೋ ತೆಗೆಯುವ ತನಕ. ಆಮೇಲಿನ ಇನ್ನೂರೋ ಮುನ್ನೂರೋ ವರ್ಷ ಅದು ನಮ್ಮ ಅವ್ವನ ಸಮಸ್ಯೆ.

ಕೌದಿ ಹೊಲಿಯುವವರನ್ನು ಕೇಳಿ. ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅರವತ್ತು ದಾಟಿದ ಆಯಿಯೊಬ್ಬರ ಜೊತೆ ನಾನು ಹಲವು ದಿನ ಕುಳಿತಿದ್ದೇನೆ. ಹೆಸರು ಬರೆಯಬೇಡ ಎಂದಿದ್ದಾರೆ, ಬರೆಯುವುದಿಲ್ಲ. ಟೀ ಶರ್ಟಿನ ಗಂಟು ತಂದವರಿಗೆ ಅವರು ಹೇಳುವುದು ಇಷ್ಟು: "ಇದರಾಗ ಸೂಜಿ ಓಡಂಗಿಲ್ಲ ಯವ್ವಾ. ಜಗ್ಗಿದ್ರ ಹಿಗ್ಗತೈತಿ, ಬಿಟ್ರ ಮುದುಡತೈತಿ. ಮ್ಯಾಲ ಆ ರಬ್ಬರ ಫೋಟೋ ಬ್ಯಾರೆ." ಅಚ್ಚಿನ ಬಣ್ಣ ರಬ್ಬರಿನ ಪದರದಂತೆ ಕೂತಿರುತ್ತದೆ, ಸೂಜಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮುಖಂಡರ ಮುಖ ದೊಡ್ಡದಿದ್ದಷ್ಟೂ ಆಯಿಯ ಬೆರಳಿಗೆ ಗಾಯ ಹೆಚ್ಚು. ಹತ್ತಿಯ ಟೀ ಶರ್ಟಾದರೆ ನಡುವಿನ ಪದರಕ್ಕೆ ಹಾಕಿ, ಮೇಲೂ ಕೆಳಗೂ ನೇಯ್ದ ಸೀರೆಯ ಬಿಗಿ ಕೊಟ್ಟು ಹೊಲಿಯಬಹುದು. ಪಾಲಿಯೆಸ್ಟರ್ ತುಂಬಿದ ಕೌದಿ ಬೇಸಿಗೆಯಲ್ಲಿ ಬೆವರು ಹೀರುವುದಿಲ್ಲ, ಚಳಿಗಾಲದಲ್ಲಿ ಜಾರಿ ಜಾರಿ ಗುಪ್ಪೆಯಾಗುತ್ತದೆ. ಹಳೆ ಅರಿವೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ನಮ್ಮ ಓಣಿಗೆ ಈಗಲೂ ಬರುತ್ತಾರೆ. ಪ್ಯಾಂಟು ನೋಡುತ್ತಾರೆ, ಜರಿ ಸೀರೆ ನೋಡುತ್ತಾರೆ. ಇಂಥ ಟೀ ಶರ್ಟನ್ನು ಕೈಯ ಹಿಂಬದಿಯಿಂದ ತಳ್ಳಿಬಿಡುತ್ತಾರೆ. ಒಂದು ಚಮಚವೂ ಹುಟ್ಟುವುದಿಲ್ಲ.

ಇನ್ನು ಕೂಲಿಯ ಮಾತು. ಇಬ್ಬರು ಹೊದೆಯುವ ಕೌದಿಗೆ ಆಯಿ ತೆಗೆದುಕೊಳ್ಳುವುದು 1200 ರೂಪಾಯಿ, ದಾರ ಅವರದೇ. ಹತ್ತು ದಿನ ಹಿಡಿಯುತ್ತದೆ. ದಿನಕ್ಕೆ 120 ಆಯಿತು, ದಾರದ ಖರ್ಚು ಕಳೆದರೆ ಇನ್ನೂ ಕಡಿಮೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಗುದ್ದಲಿ ಹಿಡಿದು ಬದು ಹಾಕುವ ಕೆಲಸದ ಮೂರನೇ ಒಂದು ಭಾಗಕ್ಕೂ ಕಡಿಮೆ ಬೆಲೆಗೆ ನಾವು 'ಪರಂಪರೆ'ಯನ್ನು ಕೊಳ್ಳುತ್ತಿದ್ದೇವೆ. ಬೆಂಗಳೂರಿನ ಒಂದು ಮೇಳದಲ್ಲಿ ಇಂಥದೇ ಕೌದಿಗೆ ಸಿಕ್ಕಿಸಿದ್ದ ಬೆಲೆಚೀಟಿ ನೋಡಿದ್ದೇನೆ, 6500. ಆಯಿಗೆ ಹೇಳಿದಾಗ ಅವರು ಸಿಟ್ಟಾಗಲಿಲ್ಲ. "ಅಷ್ಟ್ ಕೊಡೋರು ಮಲಗಾಕ ತುಗೋತಾರೋ, ನೋಡಾಕ ತುಗೋತಾರೋ?" ಎಂದು ಕೇಳಿದರು. ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೂ ಬಂದಿಲ್ಲ.

ಸಂಭಾವಿತ ಲೋಕದ ಬಗ್ಗೆಯೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಜನಪದ ಕರಕುಶಲ ಕಲೆಗಳ ಕುರಿತ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಕಸೂತಿ, ಕೌದಿ, ಲಂಬಾಣಿ ಹೊಲಿಗೆಗಳ ಮೇಲೆ ಎರಡು ದಿನ ಪ್ರಬಂಧಗಳು. ಕೌದಿಯು ವಿಘಟನೆಯಿಂದ ಸಮಗ್ರತೆಯೆಡೆಗಿನ ಸ್ತ್ರೀ ಪ್ರಜ್ಞೆಯ ಪಯಣ ಎಂದು ಒಬ್ಬರು ನಲವತ್ತು ನಿಮಿಷ ಹೇಳಿದರು. ಇಬ್ಬರು ಕೌದಿ ಹೊಲಿಯುವ ಹೆಂಗಸರನ್ನು ಕರೆಸಿ ಸಭಾಂಗಣದ ಹೊರಗೆ ಚಾಪೆ ಹಾಸಿ ಕೂರಿಸಿದ್ದರು. ಬಂದವರು ಪಕ್ಕದಲ್ಲಿ ಕುಳಿತು ಫೋಟೋ ತೆಗೆಸಿಕೊಂಡರು. ಪ್ರಬಂಧ ಮಂಡಿಸಿದವರಿಗೆ ಗೌರವಧನದ ಲಕೋಟೆ, ಅವರಿಬ್ಬರಿಗೆ ಶಾಲು. ನೋಂದಣಿ ಮಾಡಿಸಿದ ನಮಗೆಲ್ಲ ಕಿಟ್ ಸಿಕ್ಕಿತು. ಅದರೊಳಗೆ ಏನಿತ್ತೆಂದು ಊಹಿಸಿರುತ್ತೀರಿ: ಎದೆಯ ಮೇಲೆ ಕಸೂತಿಯ ಗೋಪುರ ಅಚ್ಚು ಹಾಕಿದ ಪಾಲಿಯೆಸ್ಟರ್ ಟೀ ಶರ್ಟು. ಎಳೆ ಎಣಿಸಿ ಹಾಕಬೇಕಾದ ಕಸೂತಿ, ಎಣಿಸಲು ಎಳೆಯೇ ಇಲ್ಲದ ಬಟ್ಟೆಯ ಮೇಲೆ. ಅಂಥ ಹತ್ತಿಪ್ಪತ್ತು ಸಂಕಿರಣಗಳಾದರೆ ಒಂದು ಹಳ್ಳಿಗಾಗುವಷ್ಟು ಚಿಂದಿ ನಾವೇ ತಯಾರಿಸುತ್ತೇವೆ, ಆಮೇಲೆ ಅದರ ಸಮಗ್ರತೆಯ ಬಗ್ಗೆ ಇನ್ನೊಂದು ಸಂಕಿರಣ ಮಾಡಬಹುದು.

ಇದೇನು ನಮ್ಮ ಊರಿನದಷ್ಟೇ ಕತೆಯಲ್ಲ. ಶ್ರೀಮಂತ ದೇಶಗಳು ದಾನವೆಂದು ಕಳಿಸುವ ಅಂಗಿಗಳು ಘಾನಾ ದೇಶದ ಕಾಂಟಮಾಂಟೋ ಮಾರುಕಟ್ಟೆಗೆ ಮೂಟೆಮೂಟೆಯಾಗಿ ಬಂದಿಳಿಯುತ್ತವೆ. ಅಲ್ಲಿಯವರು ಅವಕ್ಕೆ ಇಟ್ಟ ಹೆಸರು 'ಸತ್ತ ಬಿಳಿಯನ ಬಟ್ಟೆ'. ಮಾರಾಟವಾಗದ್ದು ಕಡಲ ದಂಡೆಯಲ್ಲಿ ಹಗ್ಗದಂತೆ ಹೊಸೆದುಕೊಂಡು ಬಿದ್ದಿರುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಇಂಥವುಗಳ ಗುಡ್ಡವೇ ಎದ್ದಿದೆ. ನಮ್ಮ ಪಾಣಿಪತ್ ಜಗತ್ತಿನ ಚಿಂದಿಯನ್ನು ತರಿಸಿಕೊಂಡು ಮತ್ತೆ ನೂಲಾಗಿಸಿ ಕಂಬಳಿ ಮಾಡುತ್ತದೆ, ಅಲ್ಲಿಯ ಕೆಲಸಗಾರರು ಕುಡಿಯುವ ಧೂಳು ಬೇರೆ ಮಾತು. ನಾವು ಹೊರಗಿನವರನ್ನು ಬಯ್ಯುವಂತಿಲ್ಲ. ನಮ್ಮ ಗುಡ್ಡಗಳನ್ನು ನಾವೇ ಅಚ್ಚು ಹಾಕಿಸುತ್ತಿದ್ದೇವೆ.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಬಡವನಿಗೆ ಒಂದು ಅಂಗಿ ಸಿಗುತ್ತದೆ, ನಿಮಗೇನು ಹೊಟ್ಟೆಯುರಿ ಎಂದು ನನ್ನ ತಮ್ಮನೇ ಕೇಳಿದ. ಅವನ ವಾದ ಹಗುರವಲ್ಲ. "ಯಕ್ಕಾ, ರಾತ್ರಿ ಒಗದು ಹಾಕಿದ್ರ ಮುಂಜಾನೆ ಒಣಗಿರ್ತದ. ಇಸ್ತ್ರಿ ಬ್ಯಾಡ, ಗುಂಡಿ ಬ್ಯಾಡ. ಹತ್ತಿ ಅಂಗಿ ಇಷ್ಟ್ ದಿನ ಬಾಳತೈತೇನ?" ನಿಜ. ಕಬ್ಬು ಕಡಿಯುವ ಗ್ಯಾಂಗುಗಳಲ್ಲಿ, ಇಟ್ಟಂಗಿ ಭಟ್ಟಿಗಳಲ್ಲಿ ನೋಡಿ, ಮೈಮೇಲೆ ಇರುವುದೆಲ್ಲ ಇಂಥ ಅಂಗಿಗಳೇ, ಒಮ್ಮೊಮ್ಮೆ ಒಂದೇ ಗ್ಯಾಂಗಿನಲ್ಲಿ ಮೂರೂ ಪಕ್ಷಗಳು ಒಟ್ಟಿಗೆ ಕಬ್ಬು ಕಡಿಯುತ್ತಿರುತ್ತವೆ. ಉಡಲು ಬೇಕಾದವನು ಉಡಲಿ. ಆದರೆ ಹಂಚುವವರು ಬೇಕಾದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಸಭೆಗೆ ಬಂದವನಿಗೆ, ರ‍್ಯಾಲಿಗೆ ಬಂದವನಿಗೆ, ಈಗಾಗಲೇ ಹದಿನಾಲ್ಕು ಇರುವ ನನ್ನ ತಮ್ಮನಿಗೆ ಹದಿನೈದನೆಯದನ್ನು ಕೊಡುತ್ತಾರೆ. ಅವನ ಮೈ ಅವರಿಗೆ ನಡೆದಾಡುವ ಗೋಡೆ. ಗೋಡೆ ಬರಹಕ್ಕಾದರೆ ಮನೆಯ ಮಾಲೀಕನನ್ನು ಒಂದು ಮಾತು ಕೇಳಬೇಕಾಗುತ್ತದೆ.

ಈ ಅಂಗಿ ದಾನವಲ್ಲ ಎಂಬುದು ಚುನಾವಣಾ ಆಯೋಗಕ್ಕೂ ಗೊತ್ತು. ಅದರ ಸೂಚನೆಗಳ ಪ್ರಕಾರ ಪಕ್ಷಗಳು ತಮ್ಮ ಕಾರ್ಯಕರ್ತರಿಗೆ ಟೋಪಿ, ಶಲ್ಯದಂಥವನ್ನು ಖರ್ಚಿನ ಲೆಕ್ಕದಲ್ಲಿ ತೋರಿಸಿ ಕೊಡಬಹುದು. ಸೀರೆ, ಅಂಗಿಯಂಥ ಮುಖ್ಯ ಉಡುಪುಗಳನ್ನು ಹಂಚುವಂತಿಲ್ಲ, ಅದು ಮತದಾರರಿಗೆ ಕೊಟ್ಟ ಲಂಚ ಎನಿಸಬಹುದು. ನೀತಿ ಸಂಹಿತೆ ಜಾರಿಯಲ್ಲಿರುವ ಕೆಲವು ವಾರ ಲಂಚವಾಗಿರುವ ಅಂಗಿ, ಉಳಿದ ದಿನಗಳಲ್ಲಿ ಅಭಿಮಾನ ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ.

ಸರಕಾರಗಳೂ ಇದೇ ದಾರಿ ಹಿಡಿದಿವೆ. ರಾಷ್ಟ್ರಧ್ವಜ ಕೈನೂಲಿನ, ಕೈಮಗ್ಗದ ಬಟ್ಟೆಯದೇ ಆಗಿರಬೇಕೆಂಬ ನಿಯಮವಿತ್ತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹೆಣ್ಣುಮಕ್ಕಳು ಅಳತೆ ತಪ್ಪದಂತೆ ಹೊಲಿದು ದೇಶಕ್ಕೆಲ್ಲ ಕಳಿಸುತ್ತಿದ್ದರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಮರುವರ್ಷ ಮನೆಮನೆಯಲ್ಲಿ ಧ್ವಜ ಹಾರಿತು, ಬೆಂಗೇರಿಯ ಕೆಲಸಗಾರರು ಬೀದಿಗಿಳಿದು ಪ್ರತಿಭಟಿಸಿದರು. ಧ್ವಜವೇ ಪಾಲಿಯೆಸ್ಟರ್ ಆದ ಮೇಲೆ ಅಂಗಿಯದೇನು ಎನ್ನಬಹುದು. ನಾನು ಅದನ್ನು ತಿರುಗಿಸಿ ಹೇಳುತ್ತೇನೆ, ಧ್ವಜವನ್ನು ಬಿಡಿಸಲಾಗದಿದ್ದರೂ ಅಂಗಿಯನ್ನಾದರೂ ಬಿಡಿಸೋಣ.

ಹತ್ತಿಯ ಟೀ ಶರ್ಟೇ ಹಂಚಿ ಎಂದೂ ನಾನು ಹೇಳುತ್ತಿಲ್ಲ. ಕಾಲು ಕಿಲೋ ತೂಕದ ಒಂದು ಹತ್ತಿ ಅಂಗಿಯ ಹಿಂದೆ ಜಗತ್ತಿನ ಸರಾಸರಿಯಲ್ಲಿ ಸುಮಾರು 2500 ಲೀಟರ್ ನೀರಿದೆ ಎಂಬುದು ನೀರಿನ ಲೆಕ್ಕ ಇಡುವವರ ಮಾತು. ಮಲಪ್ರಭೆಯ ಕಾಲುವೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ನವಿಲುತೀರ್ಥದ ಕಡೆ ಮುಖ ಮಾಡಿ ಕುಳಿತಿರುವ ನಾವು ಒಂದು ದಿನದ ಫೋಟೋಗೆ ಅಷ್ಟು ನೀರು ಸುರಿಯಬಾರದು. ಹಂಚಬೇಡಿ, ಅಷ್ಟೇ. ಏನಾದರೂ ಕೊಡಲೇಬೇಕೆಂಬ ಹಟವಿದ್ದರೆ ನಮ್ಮ ಕಡೆ ಯಾರೂ ಬೇಡವೆನ್ನದ ಒಂದು ವಸ್ತುವಿದೆ, ವಲ್ಲಿ. ಹೆಗಲ ಮೇಲೆ ಹಾಕಬಹುದು, ತಲೆಗೆ ಸುತ್ತಬಹುದು, ಬುತ್ತಿ ಕಟ್ಟಬಹುದು, ಕೂಸನ್ನು ಒರೆಸಬಹುದು, ಕೊನೆಗೆ ಕೌದಿಯ ಹೊಟ್ಟೆ ಸೇರಬಹುದು. ಗಂಡಸರಿಗಷ್ಟೇ ಅಲ್ಲ, ಹೆಂಗಸರಿಗೂ ಕೊಡಬಹುದು. (ಪುಕ್ಕಟೆ ಟೀ ಶರ್ಟುಗಳಲ್ಲಿ ಹೆಂಗಸರ ಅಳತೆಯದನ್ನು ನೀವು ಎಂದಾದರೂ ಕಂಡಿದ್ದೀರಾ? ಉಡುವುದು ಅವರು, ಗತಿ ಕಾಣಿಸುವುದು ನಾವು.)

ಅದನ್ನು ನೇಯುವವರೂ ದೂರವಿಲ್ಲ. ರಾಮದುರ್ಗದಲ್ಲಿ, ಸುರೇಬಾನದಲ್ಲಿ ಮಗ್ಗಗಳಿವೆ. ನಾನು ಹಾಡು ಕೇಳಲು ಹೋದ ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದಿಗೆ ಹಾಡು ಕೇಳಿಸುತ್ತಿರಲಿಲ್ಲ. ಕೆಲವು ಓಣಿಗಳಲ್ಲಿ ಈಗ ಹಾಡು ಚೆನ್ನಾಗಿ ಕೇಳಿಸುತ್ತದೆ, ಮಗ್ಗ ನಿಂತಿದೆ. ಅಲ್ಲಿಯೂ ಕೃತಕ ನೂಲು ಹೊಕ್ಕಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹತ್ತಿ ನೂಲಿಗೆ ಬೆಲೆ ಹೆಚ್ಚು, ಕೊಳ್ಳುವವರ ಖಾತ್ರಿಯಿಲ್ಲ. ಖಾತ್ರಿಯೇ ಬೇಕಾದದ್ದು. ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ ಇರುವ ಕೈಮಗ್ಗ ಅಭಿವೃದ್ಧಿ ನಿಗಮವನ್ನು 1975ರಲ್ಲಿ ಕಟ್ಟಿದ್ದೇ ನೇಕಾರನಿಗೆ ನೂಲು ಕೊಟ್ಟು ಬಟ್ಟೆ ಕೊಳ್ಳುವ ಖಾತ್ರಿಗಾಗಿ. ಜಯಂತಿ, ಉತ್ಸವ, ಸಂಕಿರಣ, ಹುಟ್ಟುಹಬ್ಬಗಳ ಅಂಗಿಯ ದುಡ್ಡಿನಲ್ಲಿ ಅರ್ಧ ಆ ಕಡೆ ಹರಿದರೂ ಎಷ್ಟೋ ಮಗ್ಗಗಳಿಗೆ ವರ್ಷದ ಕೆಲಸ ಸಿಗುತ್ತದೆ. ಹೆಸರು ಹಾಕಿಸಬೇಕೇ? ಅಂಚಿನಲ್ಲಿ ನೇಯಿಸಿ, ರಬ್ಬರ್ ಅಚ್ಚಿಗಿಂತ ಹೆಚ್ಚು ದಿನ ಉಳಿಯುತ್ತದೆ.

ಕೌದಿಯ ವಿಷಯದಲ್ಲಿ ನಾನು ನನ್ನ ಓರಗೆಯವರನ್ನೇ ಕೇಳುತ್ತೇನೆ, ಅಂದರೆ ಸಂಶೋಧಕರನ್ನು, ಈ ಲೇಖನ ಓದುತ್ತಿರುವ ಸಾಹಿತ್ಯದ ವಿದ್ಯಾರ್ಥಿಗಳನ್ನು. ಮುಂದಿನ ಸಲ ಕೌದಿ ಹೊಲಿಯುವವರನ್ನು ಕರೆಸುವಾಗ ಶಾಲಿನ ಬದಲು ದಿನದ ಕೂಲಿ ಕೊಡಿ, ಬಸ್ಸಿನ ಚಾರ್ಜು ಕೊಡಿ, ಚಾಪೆಯನ್ನು ಸಭಾಂಗಣದ ಒಳಗೆ ಹಾಸಿ. ಅಜ್ಜಿಯ ಸೀರೆಯ ನೆನಪಿಗೆ, ತೀರಿಹೋದ ಅಪ್ಪನ ಅಂಗಿಗೆ ಕೌದಿ ಮಾಡಿಸುವ ಆಸೆ ನಮ್ಮಲ್ಲಿ ಬಹಳ ಜನಕ್ಕಿದೆ, ಅದು ಒಳ್ಳೆಯ ಆಸೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನ ಬಯಲಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ ಹಾಸಿದ ಬೃಹತ್ ಕೌದಿಯಲ್ಲಿ ಸತ್ತವರ ಬಟ್ಟೆಗಳೂ ಇದ್ದವು, ಒಂದೊಂದು ಅಂಗಿಯೂ ಒಬ್ಬೊಬ್ಬರ ಹೆಸರು. ಅಂಥ ಅಂಗಿಯಿದ್ದರೆ ಆಯಿಯ ಹತ್ತಿರ ಒಯ್ಯಿರಿ. ಚೌಕಾಶಿ ಮಾಡಬೇಡಿ. ದಿನಕ್ಕೆ 370ರಂತೆ ಹತ್ತು ದಿನಕ್ಕೆ 3700, ದಾರದ ದುಡ್ಡು ಬೇರೆ. ಕೊಡಲಾಗದಿದ್ದರೆ ನೀವೇ ಸೂಜಿ ಹಿಡಿದು ಕೂರಿ, ಹೊಲಿಯುವುದನ್ನು ಕಲಿಸಲು ಅವರು ಬೇಡವೆನ್ನುವುದಿಲ್ಲ. ನಾನೂ ಕಲಿಯುತ್ತಿದ್ದೇನೆ, ದಿನಕ್ಕೆ ಎರಡು ಗೇಣು ಸಾಗುತ್ತದೆ.

ಕಿತ್ತೂರಿನಲ್ಲಿ ಪ್ರತಿ ವರ್ಷ ಅಕ್ಟೋಬರ್ 23ರಿಂದ ಉತ್ಸವ, 1824ರಲ್ಲಿ ಚೆನ್ನಮ್ಮನ ಪಡೆ ಥ್ಯಾಕರೆಯನ್ನು ಕೊಂದು ಗೆದ್ದ ದಿನದ ನೆನಪಿಗೆ. ಸಂಗೊಳ್ಳಿಯದು ಜನವರಿಯಲ್ಲಿ. ಅದಕ್ಕೆ ತಿಂಗಳೆರಡು ತಿಂಗಳು ಮುಂಚೆ ಪೂರ್ವಭಾವಿ ಸಭೆಗಳು ಶುರುವಾಗುತ್ತವೆ, ಸಾರ್ವಜನಿಕರೂ ಸಲಹೆ ಕೊಡಬಹುದು. ಈ ಸಲ ಉತ್ಸವದ ಹೆಸರಿನಲ್ಲಿ ಯಾರೂ, ಯಾವ ಸಂಘವೂ, ಯಾವ ಪ್ರಾಯೋಜಕನೂ ಟೀ ಶರ್ಟು ಹಂಚಕೂಡದು, ಹಂಚುವುದಿದ್ದರೆ ರಾಮದುರ್ಗದಲ್ಲಿ ನೇಯ್ದ ವಲ್ಲಿ ಎಂದು ಬರೆದ ಅರ್ಜಿಯೊಂದು ನನ್ನ ಬಳಿ ಸಿದ್ಧವಿದೆ. ನಮ್ಮ ಓಣಿಯ 26 ಹೆಂಗಸರು ಸಹಿ, ಹೆಬ್ಬೆಟ್ಟು ಹಾಕಿದ್ದಾರೆ. ದೊಡ್ಡವ್ವ ಹೆಬ್ಬೆಟ್ಟು ಒತ್ತುವಾಗ ಸುಟ್ಟ ಕಲೆ ತಾಗಬಾರದೆಂದು ಎಡಗೈ ಕೊಟ್ಟಳು.